ಗುಂಡು ಮೊರದ ಬಾಗಿನ

ನಮ್ಮ ಮನೆಯ ಹಜಾರದ ಗೋಡೆಗೆ ಒಂದು ಮೊರ ತೂಗುಹಾಕಿದ್ದೇನೆ. ನಮ್ಮ ಕಡೆಯ ಮೊರದ ಹಾಗೆ ಒಂದು ಕಡೆ ಬಾಯಿ ತೆರೆದುಕೊಂಡಿಲ್ಲ. ಗುಂಡಗೆ, ದೊಡ್ಡ ತಟ್ಟೆಯ ಹಾಗಿದೆ. ಬಂದವರೆಲ್ಲ "ಆಫ್ರಿಕನ್ ಆರ್ಟಾ?" ಎಂದು ಕೇಳುತ್ತಾರೆ. ಕಾಫಿ ಕುಡಿಯುತ್ತ ಅದರ ಹೆಣಿಗೆಯಲ್ಲಿ ಸೂರ್ಯನನ್ನೂ ಕಾಲಚಕ್ರವನ್ನೂ ಕಾಣುತ್ತಾರೆ. ನಾನು ಹೂಂಗುಟ್ಟುತ್ತೇನೆ. ನೈರೋಬಿಯ ಮಾರುಕಟ್ಟೆಯಲ್ಲಿ ಜೋಳ, ಹುರುಳಿ ಕೇರಲು ರಾಶಿ ಹಾಕಿ ಮಾರುವ ಸಾಮಾನು ಇದು, ಅಲ್ಲಿ ಇದಕ್ಕೆ ಉಟೆಯೊ ಎನ್ನುತ್ತಾರೆ ಎಂದರೆ ಪಾಪ ಅವರ ಉತ್ಸಾಹ ಇಳಿದುಹೋಗುತ್ತದೆ. ಇದರ ಜೋಡಿ ಎಲ್ಲಿ ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ನೀವೂ ಕೇಳಲಿಲ್ಲ, ಆದರೂ ಹೇಳುತ್ತೇನೆ.

ಮೊರ ಎಂದರೆ ನನಗೆ ಮೊದಲು ನೆನಪಾಗುವುದು ಸೀತತ್ತೆ. ಅಪ್ಪನ ಅಕ್ಕ. ನನಗೆ ಬುದ್ಧಿ ಬರುವ ಮುಂಚೆಯೇ ಗಂಡನನ್ನು ಕಳೆದುಕೊಂಡು ಮೈಸೂರಿನ ನಮ್ಮ ಮನೆಗೆ ಬಂದು ಉಳಿದವಳು. ಮಧ್ಯಾಹ್ನದ ಹೊತ್ತು ಹಿತ್ತಿಲ ಬಾಗಿಲಲ್ಲಿ ಕಾಲು ಚಾಚಿ ಕೂತು ಅಕ್ಕಿ ಕೇರುತ್ತಿದ್ದಳು. ಅಕ್ಕಿ ಮೇಲೆ ಹಾರಿ ಒಂದು ಕಾಳೂ ಕೆಡದೆ ಮತ್ತೆ ಮೊರಕ್ಕೇ ಬೀಳುತ್ತಿತ್ತು. ಆ ಸದ್ದಿಗೆ ನನಗೆ ನಿದ್ದೆ ಬರುತ್ತಿತ್ತು. ನಾನೇ ಕೇರಲು ಹೊರಟರೆ ಅರ್ಧ ಅಕ್ಕಿ ಗುಬ್ಬಿಗಳ ಪಾಲು. "ಗಂಡನ ಮನೆಗೆ ಹೋಗಿ ನನ್ನ ಹೆಸರು ಹಾಳು ಮಾಡ್ತೀಯ ನೀನು" ಎಂದು ಬೈಯುತ್ತಲೇ ಉಳಿದರ್ಧವನ್ನು ತಾನು ಕೇರುತ್ತಿದ್ದಳು.

ಗೌರಿ ಹಬ್ಬ ಬಂದರೆ ಮನೆಯ ಆಡಳಿತವೆಲ್ಲ ಅವಳ ಕೈಗೆ. ಹೊಸ ಮೊರಗಳನ್ನು ತೊಳೆದು, ಅರಿಶಿನ ಬಳಿದು, ಬಿಸಿಲಿಗಿಟ್ಟು, ಒಂದೊಂದರಲ್ಲೂ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಜೋಡಿಸಿ, ಮೇಲೊಂದು ಮೊರ ಮುಚ್ಚಿ ಬಾಗಿನ ಸಿದ್ಧ ಮಾಡುತ್ತಿದ್ದಳು. ಬೀದಿಯ ಯಾವ ಹೆಂಗಸಿನ ಕೈಗೆ ಯಾವ ಅಳತೆಯ ಬಳೆ ಎಂಬುದು ಬಳೆಗಾರನಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಹಬ್ಬದ ದಿನ ಮುತ್ತೈದೆಯರು ಬಂದು ಚಾಪೆಯ ಮೇಲೆ ಕೂತರೋ ಇಲ್ಲವೋ, "ಒಲೆ ಮೇಲೆ ಹಾಲಿದೆ" ಎಂದು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಪ್ರತಿವರ್ಷವೂ ಅದೇ ಹಾಲು. ಹೋಗು ಎಂದು ಅವಳಿಗೆ ಯಾರೂ ಹೇಳಿದವರಿಲ್ಲ, ಬಾ ಎಂದು ಕರೆದವರೂ ಇಲ್ಲ. ಅಡುಗೆಯವರು ಕೊನೆಗೆ ಉಣ್ಣುವ ಹಾಗೆ ಬಾಗಿನ ಕಟ್ಟುವವರಿಗೂ ಕೊನೆಯಲ್ಲಿ ಒಂದು ಸಿಗುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ನಾನು ಮದುವೆಯಾದದ್ದು ಟೆಲಿಕಾಂ ಕಂಪನಿಯ ಎಂಜಿನಿಯರನ್ನು. ಮದುವೆಯಾಗಿ ಅರಿಶಿನ ಮಾಸುವ ಮೊದಲೇ ಇವರಿಗೆ ನೈರೋಬಿಗೆ ಪೋಸ್ಟಿಂಗ್ ಆಯಿತು. ಊರಿಗೂರೇ ಮೊಬೈಲ್ ಕೊಳ್ಳುತ್ತಿದ್ದ ಕಾಲ ಅದು. ಅಲ್ಲಿನ ಕಿಲಿಮಾನಿ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ನನ್ನನ್ನೂ ಎರಡು ಸೂಟ್‌ಕೇಸನ್ನೂ ಇಳಿಸಿ ಇವರು ಟವರುಗಳ ಹಿಂದೆ ಹೊರಟರು. ಇಂದು ಎಲ್ಡೊರೆಟ್, ನಾಳೆ ಕಿಸುಮು. ಇಡೀ ದೇಶದವರು ಪರಸ್ಪರ ಮಾತಾಡಲಿ ಎಂದು ಇವರು ಕಂಬ ಹತ್ತುತ್ತಿದ್ದರೆ ಇವರ ಹೆಂಡತಿ ಮಾತಿಗೆ ಜನವಿಲ್ಲದೆ ಕುಕ್ಕರಿನ ವಿಸಿಲ್‌ಗೆ "ಬಂದೆ, ಬಂದೆ" ಎಂದು ಉತ್ತರ ಕೊಡುತ್ತಿದ್ದಳು.

ಒಂಟಿತನ ಎಂದರೆ ಅಳು ಎಂದುಕೊಂಡಿದ್ದೆ. ಹಾಗೇನಿರಲಿಲ್ಲ. ಬೆಳಿಗ್ಗೆ ಕಿಟಕಿಯ ಕಬ್ಬಿಣದ ಸರಳು ಹಿಡಿದು ನಿಲ್ಲುವುದು. ಗೇಟಿನ ಕಾವಲುಗಾರ ತಲೆಯೆತ್ತಿ ಕೈಬೀಸಿದರೆ ಹತ್ತಾರು ಸಲ ಮನಸ್ಸಿನಲ್ಲೇ ಉರುಹಾಕಿದ "ಸವಾ, ಸವಾ", ಅಂದರೆ ಸರಿ ಸರಿ, ಎಂಬ ಎರಡು ಮಾತು ಒಗೆಯುವುದು. ಸಂಜೆ ಕೊಕ್ಕರೆಯಂಥ ದೊಡ್ಡ ಹಕ್ಕಿಗಳು ಮಾಡಿನ ಮೇಲೆ ಕೂತು ಕಿರುಚುವಾಗ ಅವುಗಳ ಮೇಲೆ ಸಿಟ್ಟು ಮಾಡಿಕೊಳ್ಳುವುದು. ಒಬ್ಬಳಿಗೆ ಸಾರು ಮಾಡಲು ನನಗೆ ಬರುತ್ತಲೇ ಇರಲಿಲ್ಲ, ಮಾಡಿದರೆ ನಾಲ್ವರಿಗಾಗುತ್ತಿತ್ತು. ಮೂರು ದಿನ ಅದೇ ಸಾರು. ಈಗ ಹೇಳುವಾಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ಅಷ್ಟರಲ್ಲಿ ಭಾದ್ರಪದ ಬಂತು. ಮದುವೆಯಾದ ಮೇಲೆ ನನ್ನ ಮೊದಲ ಗೌರಿ. ಅಮ್ಮ ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದಳು. "ನೋಡೇ, ಅಲ್ಲಿ ಏನು ಸಿಗತ್ತೋ ಅದರಲ್ಲೇ ಮಾಡು. ಕಡುಬು, ಹೋಳಿಗೆ ಏನೂ ಬೇಡ. ಆದರೆ ಒಂದೇ ಒಂದು ಬಾಗಿನನಾದ್ರೂ ಮುತ್ತೈದೆ ಕೈಗೆ ಹೋಗಬೇಕು. ದೀಪ ಹಚ್ಚೋದರೊಳಗೆ. ಗಂಡ ದಿನಾ ಅಷ್ಟೆತ್ತರ ಹತ್ತಿ ಇಳಿಯೋನು."

ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಎಂದು ಕಾಲೇಜಿನಲ್ಲಿ ಭಾಷಣ ಬಿಗಿದವಳು ನಾನು. ಗಂಡ ಟವರ್ ಹತ್ತದಿದ್ದರೆ ನಂಬಿಕೆ ಇಲ್ಲ ಎನ್ನುವುದು ಸುಲಭ. ನಿಜ ಹೇಳಬೇಕೆಂದರೆ, ಗಂಡನ ಆಯುಷ್ಯದ ಜೊತೆಗೆ ನನಗೆ ಬೇರೊಂದು ಆಸೆಯೂ ಇತ್ತು. ಹಬ್ಬದ ದಿನ ಒಬ್ಬರು, ಯಾರಾದರೂ ಒಬ್ಬರು, ಬಂದು ನನ್ನ ಎದುರಿಗೆ ಕೂರಬೇಕು. ನಾನು ಏನೋ ಕೊಡಬೇಕು, ಅವರು ತೊಗೊಳ್ಳಬೇಕು.

ನನಗೆ ಗೊತ್ತಿದ್ದ ಕನ್ನಡದ ಹೆಂಗಸು ಒಬ್ಬಳೇ, ಸೌತ್ ಬಿ ಬಡಾವಣೆಯ ಶೈಲಾ. "ಬಂದೇ ಬರ್ತೀನಿ ಕಣೇ, ರೇಷ್ಮೆ ಸೀರೆ ಉಟ್ಕೊಂಡು ಬರ್ತೀನಿ, ಇಲ್ಲಿ ಇನ್ನೆಲ್ಲಿ ಉಡೋದು" ಎಂದಿದ್ದಳು. ಹಬ್ಬ ಶುಕ್ರವಾರ. ಬುಧವಾರ ಫೋನ್ ಬಂತು. "ಸಾರಿ ಕಣೇ. ಮಗೂಗೆ ಅಮ್ಮ ಆಗಿದೆ, ಮೈಯೆಲ್ಲ ಗುಳ್ಳೆ. ಅದನ್ನ ಬಿಟ್ಟು ಹೇಗೆ ಬರ್ಲಿ?" ನಾನು ಪರವಾಗಿಲ್ಲ, ಬೇವಿನ ಸೊಪ್ಪು ಸಿಗತ್ತಾ ನೋಡು ಎಂದು ಸಮಾಧಾನ ಹೇಳಿ, ಫೋನಿಟ್ಟು, ಕೊಂಡು ತಂದಿದ್ದ ಎರಡು ಗುಂಡು ಮೊರಗಳನ್ನು ನೋಡುತ್ತ ಕೂತೆ. ಮೊದಲೇ ಅವು ಒಂದಕ್ಕೊಂದು ಜೋಡಿ ಕೂರುತ್ತಿರಲಿಲ್ಲ. ಒಂದರ ಮೇಲೊಂದು ಮುಚ್ಚಿದರೆ ಸಂದಿಯಿಂದ ಬೇಳೆ ಸೋರುತ್ತಿತ್ತು.

ಆಗ ನೆನಪಾದವರು ಕೆಳಗಿನ ಫ್ಲ್ಯಾಟಿನ ರೂತ್ ಆಂಟಿ. ಯಹೂದಿಗಳು. ಯುದ್ಧಕ್ಕೆ ಮುಂಚೆ ಅಪ್ಪ ಅಮ್ಮ ಜರ್ಮನಿಯಿಂದ ಹಡಗು ಹತ್ತಿ ಬಂದವರಂತೆ, ಆಂಟಿ ನಕುರು ಕಡೆಯ ಒಂದು ತೋಟದಲ್ಲಿ ಹುಟ್ಟಿದವರು. ಬೆಳ್ಳಿ ಕೂದಲು, ಮಂಡಿನೋವು, ಯಾವಾಗಲೂ ಒಂದು ಬೂದು ಬಣ್ಣದ ಸ್ವೆಟರು. ಮೆಟ್ಟಿಲಲ್ಲಿ ಸಿಕ್ಕಾಗ ನಿಂತು ಎರಡು ಮಾತಾಡುತ್ತಿದ್ದರು. ಮುತ್ತೈದೆ ಹೌದೋ ಅಲ್ಲವೋ? ನಾನು ಸಿಐಡಿಯ ಹಾಗೆ ಸಾಕ್ಷಿ ಕಲೆಹಾಕಿದೆ. ಬೆರಳಲ್ಲಿ ಉಂಗುರ ಇದೆ. ಬಾಗಿಲ ಪಕ್ಕದಲ್ಲಿ ಗಂಡಸರ ದೊಡ್ಡ ಗಮ್ ಬೂಟು, ಅದರ ಮೇಲೆ ಸದಾ ಹಸಿ ಮಣ್ಣು. ಮಾತು ಮಾತಿಗೆ "ಮ್ಯಾಕ್ಸ್‌ಗೆ ಜನರೇಟರ್ ಸದ್ದು ಆಗುವುದಿಲ್ಲ", "ನಾವು ಟೀಗೆ ಸಕ್ಕರೆ ಹಾಕುವುದಿಲ್ಲ" ಎನ್ನುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಶುಕ್ರವಾರ ಮುಸ್ಸಂಜೆ ತಲೆಗೆ ಬಟ್ಟೆ ಹೊದ್ದು ಎರಡು ಮೇಣದ ಬತ್ತಿ ಹಚ್ಚಿ ಕಣ್ಣು ಮುಚ್ಚಿ ನಿಲ್ಲುವುದನ್ನು ಮೆಟ್ಟಿಲಿಳಿಯುವಾಗ ಕಿಟಕಿಯಲ್ಲಿ ನೋಡಿದ್ದೆ. ಶುಕ್ರವಾರ ದೀಪ ಹಚ್ಚುವ ಹೆಂಗಸು! ಮ್ಯಾಕ್ಸ್ ಅವರನ್ನು ನಾನು ಒಮ್ಮೆಯೂ ಕಂಡಿರಲಿಲ್ಲ ನಿಜ. ವಯಸ್ಸಾದವರು, ಮಲಗಿರುತ್ತಾರೆ ಎಂದುಕೊಂಡೆ. ಅಮ್ಮನಿಗೆ ಫೋನು ಮಾಡಿ "ಪಕ್ಕಾ ಮುತ್ತೈದೆ" ಎಂದು ವರದಿ ಒಪ್ಪಿಸಿದೆ.

ಗುರುವಾರ ಸಂಜೆ ಅವರೇ ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲು ತಟ್ಟಿದರು. ಏದುಸಿರು ಬಿಡುತ್ತಿದ್ದರು.

"ನಿನ್ನ ಮನೆಯಲ್ಲಿ ನಾನು ಈ ವರ್ಷ ತಿನ್ನದ ಹಣ್ಣು ಯಾವುದಾದರೂ ಇದೆಯಾ?" ಎಂದರು.

ಅವರ ಹೊಸ ವರ್ಷವಂತೆ, ಎರಡು ದಿನದ ಹಬ್ಬ. ಹಿಂದಿನ ಸಂಜೆ ಸೇಬನ್ನು ಜೇನಿನಲ್ಲಿ ಅದ್ದಿ ತಿಂದು ಶುರುಮಾಡಿದ್ದಾರೆ. ಎರಡನೆಯ ರಾತ್ರಿ ಹೊಸದೊಂದು ಹಣ್ಣು, ಆ ಸುಗ್ಗಿಯಲ್ಲಿ ಬಾಯಿಗೆ ಬೀಳದ ಹಣ್ಣು ಇಟ್ಟುಕೊಂಡು, ನಮ್ಮನ್ನು ಬದುಕಿಸಿ ಕಾಪಾಡಿ ಈ ಹೊತ್ತಿಗೆ ತಂದು ಮುಟ್ಟಿಸಿದೆಯಲ್ಲ ಎಂದು ದೇವರಿಗೆ ಹೇಳಬೇಕಂತೆ. ನೈರೋಬಿಯಲ್ಲಿ ಅದೇ ಕಷ್ಟ. ಎಲ್ಲ ಹಣ್ಣೂ ಎಲ್ಲ ಕಾಲಕ್ಕೂ ಸಿಗುತ್ತದೆ. ನಾನು ಫ್ರಿಜ್ಜು ತೆರೆದು ಒಂದೊಂದೇ ತೋರಿಸಿದೆ. ಪಪ್ಪಾಯ? ತಿಂದಾಗಿದೆ. ಪ್ಯಾಶನ್ ಹಣ್ಣು? ಆಗಿದೆ. ದಾಳಿಂಬೆ? ನಿನ್ನೆಯೇ ಆಯಿತು. ಕೊನೆಗೆ ಗಾಬರಿಯಲ್ಲಿ ಹಾಗಲಕಾಯಿ ಎತ್ತಿ ತೋರಿಸಿದೆ. ಮೂಸಿ ನೋಡಿ ನಕ್ಕುಬಿಟ್ಟರು.

"ನಮ್ಮ ಹೊಸ ವರ್ಷಕ್ಕೆ ಬೇವು ಬೆಲ್ಲ ಎರಡೂ ತಿಂತೀವಿ, ಕಹಿ ಇರಲೇಬೇಕು" ಎಂದೆ.

"ಕಹಿಗೆ ನಮ್ಮಲ್ಲಿ ಬೇರೆ ಹಬ್ಬ ಇದೆ, ಮೈ ಡಿಯರ್. ಇದು ಬರೀ ಸಿಹಿಗೆ. ಕಹಿಯನ್ನು ಕೇಳಿಕೊಂಡು ಯಾಕೆ ತರಿಸಿಕೊಳ್ಳಬೇಕು, ಅದಕ್ಕೆ ವಿಳಾಸ ಗೊತ್ತಿದೆ."

ಹಣ್ಣಿಲ್ಲದಿದ್ದರೆ ಹೊಸ ಬಟ್ಟೆಯಾದರೂ ನಡೆಯುತ್ತದಂತೆ. "ಕೊಳ್ಳಬಹುದಿತ್ತು. ಆದರೆ ನೋಡುವುದಕ್ಕೆ ಯಾರಿದ್ದಾರೆ ಎಂದು ಸುಮ್ಮನಾದೆ" ಎಂದರು. ಮತ್ತೆ, "ಬಾ, ಕೆಳಗೇ ಊಟ ಮಾಡು. ನಾವು ಏಳಕ್ಕೆ ಕೂರುತ್ತೇವೆ" ಎಂದು ಕರೆದರು. ಗಂಡ ಹೆಂಡತಿಯ ಹಬ್ಬದೂಟದ ನಡುವೆ ನಾನೇಕೆ ಎಂದು ಸಂಕೋಚವಾಯಿತು. ನಾಳೆಯ ಹಬ್ಬಕ್ಕೆ ಕೆಲಸವಿದೆ ಎಂದು ತಪ್ಪಿಸಿಕೊಂಡೆ. ನಾಳೆ ನಿಮಗೊಂದು ಉಡುಗೊರೆ ತರುತ್ತೇನೆ ಎಂದು ಮಾತ್ರ ಹೇಳಿದೆ. ಅವರು ಮೆಲ್ಲಗೆ ಮೆಟ್ಟಿಲಿಳಿದರು. ಏಳು ಗಂಟೆಗೆ ಕೆಳಗಿನಿಂದ ಕುರ್ಚಿ ಎಳೆದ ಸದ್ದು ಕೇಳಿತು. ನಾನೂ ನನ್ನ ಹಳೆಯ ಸಾರು ಬಿಸಿ ಮಾಡಿಕೊಂಡು ಕೂತೆ.

ಶುಕ್ರವಾರ ಬೆಳಿಗ್ಗೆ ಅರಿಶಿನದ ಗೌರಿ ಮಾಡಿ ಪೂಜೆ ಮುಗಿಸಿದೆ. ಇವರು ಕಿಸುಮುವಿನಿಂದ ಫೋನು ಮಾಡಿ "ಸಾರಿ ಕಣೇ, ಲಿಂಕ್ ಡೌನ್ ಆಗಿದೆ, ಸಂಡೇ ಬರ್ತೀನಿ. ಹಬ್ಬ ಚೆನ್ನಾಗಿ ಮಾಡು" ಎಂದರು. ಒಬ್ಬಳೇ ಹಬ್ಬ ಚೆನ್ನಾಗಿ ಮಾಡುವುದು ಹೇಗೆಂದು ಕೇಳುವಷ್ಟರಲ್ಲಿ ಆ ಲಿಂಕೂ ಡೌನ್ ಆಯಿತು. ಪ್ರಾರ್ಥನೆಗೆ ಹೋಗಿದ್ದ ರೂತ್ ಆಂಟಿ ಮಧ್ಯಾಹ್ನ ಮನೆಗೆ ಬಂದದ್ದನ್ನು ಕಿಟಕಿಯಲ್ಲಿ ನೋಡಿದೆ. ರೇಷ್ಮೆ ಸೀರೆ ಉಟ್ಟು, ಬೇಳೆ ಸೋರದ ಹಾಗೆ ನನ್ನ ದುಪಟ್ಟಾದಲ್ಲಿ ಮೊರಗಳನ್ನು ಸುತ್ತಿಕೊಂಡು, ಹಸುಳೆಯನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ.

ಅವರು ಬಾಗಿಲು ತೆಗೆದು ನನ್ನ ಸೀರೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎದುರುಬದುರು ಕುರ್ಚಿ ಹಾಕಿಕೊಂಡು ಕೂತೆವು. ಗಂಟು ಬಿಚ್ಚಿ ಮೇಲಿನ ಮೊರ ಸರಿಸಿ ಒಳಗಿನದನ್ನೆಲ್ಲ ತೋರಿಸಿದೆ. ಅವರು ಒಂದು ಮಾತು ಕೇಳಿದರು.

"ಇದನ್ನು ನಿನ್ನ ದೇವರ ಮುಂದೆ ಇಟ್ಟಿದ್ದೆಯಾ? ಬೇಸರ ಮಾಡಿಕೊಳ್ಳಬೇಡ. ಹಾಗಿದ್ದರೆ ನಾನು ತೆಗೆದುಕೊಳ್ಳುವ ಹಾಗಿಲ್ಲ."

"ಇಲ್ಲ ಆಂಟಿ. ದೇವರದು ಬೇರೆ. ಇದು ಊಟದ ಮೇಜಿನ ಮೇಲಿತ್ತು. ಇದು ನಿಮಗೇ ಅಂತ ಕಟ್ಟಿದ್ದು."

ಅವರಿಗೆ ಸಮಾಧಾನವಾಯಿತು. ನಾನು ಪಾಠ ಶುರುಮಾಡಿದೆ. ಸೆರಗಿನ ತುದಿಯನ್ನು ಮೊರದ ಮೇಲೆ ಹೊದಿಸಿ ಈ ಕಡೆ ನಾನು ಹಿಡಿಯಬೇಕು, ಆ ಕಡೆ ನೀವು. ಅವರಿಗೆ ಸೆರಗೆಲ್ಲಿಂದ ಬರಬೇಕು? ಸ್ವೆಟರಿನ ಅಂಚನ್ನೇ ಎಳೆದು ಮೊರದ ಮೇಲೆ ಹಾಕಿದರು. ಹಿಂದೆ ಮುಂದೆ ಆಡಿಸಿ, ನಾನು 'ಕೊಟ್ಟೆ' ಎನ್ನಬೇಕು, ನೀವು 'ತೊಗೊಂಡೆ' ಎನ್ನಬೇಕು. ಇದೆಲ್ಲ ಯಾಕೆ ಎಂದು ಕೇಳಿದರು. ನಾನು ಜಾಣೆಯ ಹಾಗೆ ವಿವರಿಸಿದೆ. "ಮದುವೆಯಾದವಳು ತನ್ನ ಗಂಡ ಚೆನ್ನಾಗಿರಲಿ ಅಂತ ಗಂಡನಿರುವ ಇನ್ನೊಬ್ಬ ಹೆಂಗಸಿಗೆ ಕೊಡೋದು."

ಅವರ ಕೈ ನಿಂತಿತು.

"ಹಾಗಾದರೆ ಇದು ನನಗಲ್ಲ. ಮ್ಯಾಕ್ಸ್ ತೀರಿಕೊಂಡು ಎಷ್ಟೋ ವರ್ಷವಾಯಿತು. ನಿನಗೆ ಗೊತ್ತಿದೆ ಎಂದುಕೊಂಡಿದ್ದೆ."

"ಮತ್ತೆ ಆ ಬೂಟು?"

"ಅದು ಕಳ್ಳರಿಗೆ. ಮನೆಯಲ್ಲಿ ಗಂಡಸಿದ್ದಾನೆ ಅಂತ ಕಾಣಲಿ ಎಂದು ಆಗಾಗ ನಾನೇ ಮಣ್ಣು ಮೆತ್ತುತ್ತೇನೆ."

"ನಿನ್ನೆ ನಾವು ಏಳಕ್ಕೆ ಊಟಕ್ಕೆ ಕೂರುತ್ತೇವೆ ಅಂದಿರಿ."

"ಅಭ್ಯಾಸ. ನಾನು ಅಂದರೆ ಈ ಮನೆ ತೀರಾ ದೊಡ್ಡದಾಗಿಬಿಡುತ್ತದೆ."

ನಿಮಗೆ ಸುಳ್ಳು ಹೇಳುವುದಿಲ್ಲ, ನನಗೆ ಹೆದರಿಕೆಯಾಯಿತು. ಕಿಸುಮುವಿನ ಟವರು, ಅದರ ತುದಿಯಲ್ಲಿ ಇವರು, ಕೆಳಗೆ ಅಮ್ಮನ ದನಿ, ಎಲ್ಲ ಒಟ್ಟಿಗೆ ತಲೆಗೆ ಬಂತು. ಮೊರ ಇನ್ನೂ ಇಬ್ಬರ ಕೈಯಲ್ಲೂ ಇತ್ತು. ನಾನು ಬಿಟ್ಟುಕೊಡಲೂ ಇಲ್ಲ, ಎಳೆದುಕೊಳ್ಳಲೂ ಇಲ್ಲ. ಅವರು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರೆಂದು ಕಾಣುತ್ತದೆ. ಒಂದಿಷ್ಟೂ ಮುನಿಸಿಲ್ಲದೆ ಮೊರವನ್ನು ನನ್ನ ಕಡೆ ತಳ್ಳಿ, ಸ್ವೆಟರಿನ ಅಂಚನ್ನು ಎಳೆದುಕೊಂಡು, ಕುರ್ಚಿಯ ಕೈ ಹಿಡಿದು ಏಳುತ್ತ ಅಂದರು.

"ಇರು, ಒಲೆ ಮೇಲೆ ಹಾಲಿದೆ."

ಆ ಮಾತು ನನಗೆ ಇಂಗ್ಲಿಷಿನಲ್ಲಿ ಕೇಳಲಿಲ್ಲ. ನಮ್ಮ ಮೈಸೂರಿನ ಮನೆಯ ನಡುಮನೆಯಲ್ಲಿ, ಸೀತತ್ತೆಯ ದನಿಯಲ್ಲೇ ಕೇಳಿತು. ಚಾಪೆ, ಕೂತ ಮುತ್ತೈದೆಯರು, ಅವಳ ಬೆನ್ನು. ಅಷ್ಟು ವರ್ಷ ಆ ಒಲೆಯ ಮೇಲೆ ಯಾವ ಹಾಲೂ ಇರುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಅಲ್ಲಿ, ಆ ಕುರ್ಚಿಯಲ್ಲಿ.

"ಕೂತ್ಕೊಳ್ಳಿ ಆಂಟಿ" ಎಂದೆ.

"ಹಾಲು ಉಕ್ಕುತ್ತೆ."

"ಉಕ್ಕಲಿ. ನಮ್ಮಲ್ಲಿ ಹೊಸ ಮನೆಗೆ ಬಂದರೆ ಬೇಕೂಂತಲೇ ಉಕ್ಕಿಸ್ತೀವಿ. ಕೂತ್ಕೊಳ್ಳಿ."

ಕೂತರು. ನಾನೇ ಅವರ ಸ್ವೆಟರಿನ ಅಂಚನ್ನು ಎಳೆದು ಮೊರದ ಮೇಲೆ ಹಾಕಿದೆ. ಅವರ ಕಡೆ ತಳ್ಳಿದೆ. ಅವರು ಬೇಡವೆಂದು ನನ್ನ ಕಡೆ ತಳ್ಳಿದರು. ಮತ್ತೆ ನಾನು, ಮತ್ತೆ ಅವರು. ಹೊರಗಿನಿಂದ ಯಾರಾದರೂ ನೋಡಿದ್ದರೆ ಶಾಸ್ತ್ರ ಬಹಳ ಚೆನ್ನಾಗಿ ನಡೆಯುತ್ತಿದೆ ಎನ್ನುತ್ತಿದ್ದರು. ಒಳಗೆ ಹಾಲು ಉಕ್ಕಿ ಸೀದ ವಾಸನೆ ಬಂತು, ಇಬ್ಬರೂ ಏಳಲಿಲ್ಲ.

"ಕೊಟ್ಟೆ" ಎಂದೆ. "ತೊಗೊಂಡೆ ಅನ್ನಿ."

ಅವರು ನನ್ನನ್ನೇ ನೋಡುತ್ತಿದ್ದರು. ನಾನು ಕಲಿಸಿದ ಆ ಒಂದು ಪದವನ್ನು ಹಲ್ಲಿಗೆ ತಗುಲಿಸಿಕೊಂಡು, "ತೊಗೊಂಡೆ" ಎಂದರು. ನಾನು ಕೈ ಬಿಟ್ಟೆ.

ಗಾಬರಿ ಬೇಡ, ಇವರು ಭಾನುವಾರ ಕ್ಷೇಮವಾಗಿ ಬಂದರು. ಈಗಲೂ ಒಳಗೆ ಪೇಪರ್ ಓದುತ್ತ ಕಾಫಿ ಇನ್ನೂ ಬರಲಿಲ್ಲ ಎಂದು ಗೊಣಗುತ್ತಿದ್ದಾರೆ.

ರೂತ್ ಆಂಟಿ ಮೊರದಲ್ಲಿದ್ದ ಒಂದೊಂದನ್ನೇ ಎತ್ತಿ ನೋಡಿದರು. ಕುಂಕುಮವನ್ನು ಮಾತ್ರ ನನಗೇ ಕೊಟ್ಟು, "ಇದನ್ನು ನೀನು ಹಚ್ಚಿಕೋ, ನಾನು ನೋಡುತ್ತೇನೆ" ಎಂದರು. ಹಸಿರು ಗಾಜಿನ ಬಳೆಗಳನ್ನು ಬೆಳಕಿಗೆ ಹಿಡಿದರು. ಇಂಥದ್ದನ್ನು ಹುಟ್ಟಿದಾಗಿನಿಂದ ತೊಟ್ಟಿಲ್ಲ ಎಂದರು. ಕೈಗೆ ಸೋಪು ಹಚ್ಚಿ, ಗೆಣ್ಣು ಒತ್ತಿ, ನಾನು ಕಂಡ ಬಳೆಗಾರರನ್ನೆಲ್ಲ ನೆನೆದು ಮೆಲ್ಲಗೆ ಏರಿಸಿದೆ. ರವಿಕೆ ಕಣವನ್ನು ಶಾಲಿನ ಹಾಗೆ ಹೆಗಲಿಗೆ ಹಾಕಿಕೊಂಡರು. ಅದು ಹೆಗಲು ದಾಟಲಿಲ್ಲ. ಹಾಗೇ ಎದ್ದು ನಿಂತು, ಕಣ್ಣು ಮುಚ್ಚಿ, ತಮ್ಮ ಭಾಷೆಯಲ್ಲಿ ಚಿಕ್ಕದಾಗಿ ಏನೋ ಹೇಳಿದರು. ಹಿಂದಿನ ರಾತ್ರಿ ಹಣ್ಣಿಲ್ಲದೆ ಉಳಿದುಹೋದ ಮಾತು ಅದೆಂದು ನನಗೆ ತಿಳಿಯಿತು. ಬದುಕಿಸಿ, ಕಾಪಾಡಿ, ಈ ಹೊತ್ತಿಗೆ ತಂದು ಮುಟ್ಟಿಸಿದ್ದಕ್ಕೆ. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಮೂರು ತಿಂಗಳಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅಲ್ಲಿ ಅತ್ತೆ. ಅವರು ಬಳೆಯ ಕೈಯಿಂದಲೇ ನನ್ನ ಬೆನ್ನು ಸವರಿದರು, ಅವರಿಗೇ ಆ ಸದ್ದು ಹೊಸದಾಗಿ ಮತ್ತೆ ಮತ್ತೆ ಕೈ ನೋಡಿಕೊಳ್ಳುತ್ತಿದ್ದರು.

ಹೊರಡುವಾಗ ಬರಿಗೈಲಿ ಕಳಿಸಬಾರದು ಎಂದು ಮೇಲಿನ ಮೊರವನ್ನು ಅಂಗಾತ ಮಾಡಿ, ಅದರಲ್ಲಿ ಸೇಬು, ಒಂದು ಸೀಸೆ ಜೇನು ಇಟ್ಟು ನನಗೆ ಕೊಟ್ಟರು. ಗೋಡೆಯ ಮೇಲಿರುವುದು ಅದೇ. ಜೋಡಿ ಅವರ ಹತ್ತಿರ ಉಳಿಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಮ್ಮನ ಫೋನು.

"ಕೊಟ್ಯೇನೇ? ತೊಗೊಂಡರಾ?"

"ತೊಗೊಂಡರು."

"ಅವರ ಯಜಮಾನರು ಹೇಗಿದಾರಂತೆ? ಮಲಗಿರ್ತಾರೆ ಅಂದಿದ್ದೆಯಲ್ಲ."

"ಅವರಿಗೆ ಈಗ ಯಾವ ತೊಂದರೇನೂ ಇಲ್ಲಮ್ಮ. ಸೀತತ್ತೆಗೆ ಕೊಡು ಸ್ವಲ್ಪ."

ಸೀತತ್ತೆ ಫೋನನ್ನು ಯಾವಾಗಲೂ ಕಿವಿಯಿಂದ ಗೇಣು ದೂರ ಹಿಡಿಯುತ್ತಾಳೆ. ಅಮ್ಮನಿಗೆ ಕೇಳದಿರಲಿ ಎಂದು ದನಿ ತಗ್ಗಿಸಿ, ಹತ್ತಿರ ಹಿಡ್ಕೋ ಅತ್ತೆ ಎಂದು, ನಡೆದದ್ದನ್ನೆಲ್ಲ ಹೇಳಿದೆ. ಬೂಟು, ಸ್ವೆಟರು, ಒಲೆಯ ಮೇಲಿನ ಹಾಲು. ಬೈಯುತ್ತಾಳೇನೋ ಎಂದುಕೊಂಡೆ.

"ಮೊರ ಜೋಡಿ ಕೂತಿತ್ತಾ?" ಎಂದಳು.

"ಇಲ್ಲ ಅತ್ತೆ. ಇಲ್ಲಿಯವು ಗುಂಡಗಿರ್ತವೆ. ದುಪಟ್ಟಾದಲ್ಲಿ ಕಟ್ಟಿದ್ದೆ."

"ಅವರ ಕೈಗೆ ಬಳೆ ಆಯ್ತಾ?"

"ಸೋಪು ಹಚ್ಚಿ ಏರಿಸಿದೆ. ಆಯ್ತು."

"ಯಾವ ಬಣ್ಣ?"

"ಹಸಿರು. ಗಾಜಿಂದು."

ಅವಳ ಹಿಂದೆ ಅಮ್ಮ ಯಾರಿಗೋ ಅರಿಶಿನ ಕುಂಕುಮ ಕೊಡುತ್ತಿದ್ದ ಸದ್ದು, ಬಳೆಗಳ ಸದ್ದು ಕೇಳುತ್ತಿತ್ತು. ಆಮೇಲೆ ಸೀತತ್ತೆ ಫೋನನ್ನು ಬಾಯಿಗೆ ತೀರ ಹತ್ತಿರ ಹಿಡಿದುಕೊಂಡಳೆಂದು ಕಾಣುತ್ತದೆ, ಅವಳ ಉಸಿರು ಕೇಳಿತು.

"ಅಲ್ಲಿಯ ಗುಂಡು ಮೊರ ಹೇಗಿರತ್ತೋ ನೋಡಬೇಕು" ಎಂದಳು. "ಬರೋವಾಗ ಒಂದು ಜೊತೆ ತಗೊಂಬಾ."

ಯಾರಿಗೆ ಎಂದು ನಾನು ಕೇಳಲಿಲ್ಲ. ಅವಳ ಬಳೆಯ ಅಳತೆ ಕೇಳಿದೆ.